ಒಂದು ವಾರದ ನೆಂಟ

ಪಕ್ಕದ ಮನೆ ಅಜ್ಜಿಯ ಸೋಫಾಕ್ಕೆ ಇವತ್ತಿಗೂ ಪ್ಲಾಸ್ಟಿಕ್ ಹೊದಿಕೆ ಇದೆ. ಜುಲೈ ತಿಂಗಳ ಸೆಕೆಯಲ್ಲಿ ಕೂತರೆ ಮೈಗೆ ಅಂಟಿಕೊಳ್ಳುತ್ತದೆ, ಏಳುವಾಗ ಪರ್ರನೆ ಸದ್ದು ಮಾಡುತ್ತದೆ. ಅಮೆರಿಕದ ಬಾಲ್ಟಿಮೋರ್‌ನ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಗೋಡೆಗೆ ಗೋಡೆ ತಾಗಿಕೊಂಡು ಸಾಲಾಗಿ ನಿಂತಿವೆ. ಬಾಗಿಲ ಮುಂದೆ ಮೂರೋ ನಾಲ್ಕೋ ಬಿಳಿ ಅಮೃತಶಿಲೆಯ ಮೆಟ್ಟಿಲು. ಅವನ್ನು ಅಜ್ಜಿ ಪ್ರತಿ ಶನಿವಾರ ಬೆಳಿಗ್ಗೆ ಉಜ್ಜಿ ತೊಳೆಯುತ್ತಾರೆ. ತಿಪಟೂರಿನಲ್ಲಿ ನಮ್ಮಮ್ಮ ಹೊಸ್ತಿಲು ತೊಳೆಯುತ್ತಿದ್ದಳಲ್ಲ, ಹಾಗೇ. ಸೊಂಟ ಹಿಡಿದಿದೆ ಅಂದರೂ ಬಿಡುವವರಲ್ಲ. ಸಂಜೆ ನಾನು ಡಬ್ಬಿಯಲ್ಲಿ ಏನಾದರೂ ತಿಂಡಿ ತುಂಬಿಕೊಂಡು ಅವರ ಮನೆಗೆ ಹೋಗುತ್ತೇನೆ. ಇಬ್ಬರೂ ಆ ಸೋಫಾದ ಮೇಲೆ ಕೂತು ಹಳೆಯ ಸಿಟ್‌ಕಾಮ್‌ಗಳನ್ನು, ಅಂದರೆ ಟಿವಿಯ ನಗೆ ಧಾರಾವಾಹಿಗಳನ್ನು ನೋಡುತ್ತೇವೆ.

ಅಜ್ಜಿಗೆ ಎಪ್ಪತ್ತೆಂಟು. ಮೂವತ್ತು ವರ್ಷ ಈ ಊರಿನ ಬಸ್ ಓಡಿಸಿದವರು. ಇಲ್ಲಿನ ರೂಢಿಯಂತೆ ನಾನು ಅವರ ಹೆಸರಿನ ಮುಂದೆ ‘ಮಿಸ್’ ಸೇರಿಸಿ ಕರೆಯುತ್ತೇನೆ, ಆದರೆ ಮನಸ್ಸಿನಲ್ಲಿ ಅವರು ನನಗೆ ಅಜ್ಜಿಯೇ. ಅವರು ನನ್ನನ್ನು ‘ಬೇಬಿ’ ಅನ್ನುತ್ತಾರೆ, ನನಗೆ ನಲವತ್ತೇಳಾದರೂ. ಕಪ್ಪು ಜನರ ಮನೆಗಳ ಕಥೆ ಹೇಳಿದ ಧಾರಾವಾಹಿಗಳೆಲ್ಲ ಅವರಿಗೆ ಬಾಯಿಪಾಠ. ಯಾವ ನಟಿ ಯಾವಾಗ ಜಗಳವಾಡಿ ಬಿಟ್ಟುಹೋದಳು, ಯಾವ ಮನೆಯ ಮೆಟ್ಟಿಲು ಯಾವ ಕಡೆಗಿತ್ತು, ಎಲ್ಲ ಹೇಳುತ್ತಾರೆ. ಈ ದೇಶದ ಅರ್ಧ ಇತಿಹಾಸ ನಾನು ಕಲಿತದ್ದು ಆ ಪ್ಲಾಸ್ಟಿಕ್ ಸೋಫಾದ ಮೇಲೆ.

ಹೋದ ಚಳಿಗಾಲದಲ್ಲಿ ‘ಮೊಯೀಶಾ’ ನೋಡಲು ಹಿಡಿದೆವು. 1996ರ ಜನವರಿಯಲ್ಲಿ ಯುಪಿಎನ್ ಅನ್ನುವ ಹೊಸ ಚಾನೆಲ್‌ನಲ್ಲಿ ಶುರುವಾಗಿ 2001ರವರೆಗೆ ನಡೆದ ಧಾರಾವಾಹಿ. ಲಾಸ್ ಏಂಜಲೀಸ್‌ನ ಲಿಮರ್ಟ್ ಪಾರ್ಕ್ ಅನ್ನುವ ಕಪ್ಪು ಜನರ ಬಡಾವಣೆ, ಅಲ್ಲಿ ಒಬ್ಬ ಹೈಸ್ಕೂಲು ಹುಡುಗಿ, ಅವಳ ಅಪ್ಪ, ಮಲತಾಯಿ, ತಮ್ಮ, ಗೆಳತಿಯರು. ಗಾಯಕಿ ಬ್ರ್ಯಾಂಡಿ ಆ ಹುಡುಗಿಯ ಪಾತ್ರ ಮಾಡಿದ್ದಳು. ಮೊಯೀಶಾ ಡೈರಿ ಬರೆಯುತ್ತಾಳೆ. ಅವಳಿಗೆ ಕಂಡದ್ದು, ಅವಳಿಗೆ ನೊಂದದ್ದು, ಅವಳು ಮಾಡಿದ ತಪ್ಪು, ಎಲ್ಲ ಆ ಡೈರಿಯ ದನಿಯಲ್ಲೇ ನಮಗೆ ತಲುಪುತ್ತದೆ.

ಎರಡನೇ ಸೀಸನ್‌ನಲ್ಲಿ ‘ಲೇಬಲ್ಸ್’ ಅನ್ನುವ ಒಂದು ಕಂತು ಬರುತ್ತದೆ. ಮೊಯೀಶಾಳ ಗೆಳೆಯ ಹಕೀಮ್‌ನ ಕಸಿನ್ ಓಮರ್ ಬಂದಿದ್ದಾನೆ. ನೋಡಲು ಚೆಂದದ ಹುಡುಗ. ಮೊಯೀಶಾ ಅವನ ಜೊತೆ ಡೇಟ್‌ಗೆ ಹೋಗುತ್ತಾಳೆ. ಅಲ್ಲಿ ಓಮರ್‌ನ ಗೆಳೆಯ ಟ್ರೇಸಿ ಸಿಗುತ್ತಾನೆ. ಅವನ ಮಾತಿನ ಧಾಟಿ, ಕೈ ಆಡಿಸುವ ರೀತಿ ನೋಡಿದ ಕೂಡಲೇ ಪ್ರೇಕ್ಷಕರ ನಗು ಏಳುತ್ತದೆ. ಮೊಯೀಶಾಳ ತಲೆಯಲ್ಲಿ ಹುಳ ಬಿಡುತ್ತದೆ: ಇವನು ಇಂಥವನಾದರೆ, ಇವನ ಗೆಳೆಯ ಓಮರ್? ಮನಸ್ಸಿನಲ್ಲಿಟ್ಟುಕೊಳ್ಳಲಾರದೆ ಗೆಳತಿಯರಿಗೆ ಹೇಳುತ್ತಾಳೆ. ಹದಿಹರೆಯದವರ ಕಿವಿಗೆ ಬಿದ್ದ ಮಾತು ನಿಂತೀತೇ. ಸುದ್ದಿ ಹಬ್ಬುತ್ತದೆ, ಹಕೀಮ್‌ನ ಕಿವಿಗೂ ಬೀಳುತ್ತದೆ, ನನ್ನ ಮನೆಯವನ ಬಗ್ಗೆ ಹೀಗೆ ಆಡಿದೆಯಾ ಅಂತ ಅವನು ಕೆರಳುತ್ತಾನೆ.

ಆ ಕಾಲಕ್ಕೆ ಇದು ಧೈರ್ಯದ ಕಂತು. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಹಾಸ್ಯನಟಿ ಎಲೆನ್ ಡಿಜೆನರಸ್ ತನ್ನ ಧಾರಾವಾಹಿಯಲ್ಲಿ ‘ನಾನು ಗೇ’ ಎಂದು ಹೇಳುವುದಕ್ಕೆ ಇನ್ನೂ ಅರ್ಧ ವರ್ಷಕ್ಕೂ ಹೆಚ್ಚು ಕಾಲ ಇತ್ತು. ಕಪ್ಪು ಹದಿಹರೆಯದವರೇ ನೋಡುವ ಕಾರ್ಯಕ್ರಮದಲ್ಲಿ, ಒಬ್ಬ ಕಪ್ಪು ಹುಡುಗ ಸಲಿಂಗಪ್ರೇಮಿ ಆಗಿರಬಹುದು ಅನ್ನುವ ಮಾತನ್ನಾದರೂ ಎತ್ತಿದರಲ್ಲ. ಬೇರೆಯವರ ಹಣೆಗೆ ಚೀಟಿ ಅಂಟಿಸಬಾರದು ಅಂತ ಮೊಯೀಶಾಗೆ ಪಾಠ ಕಲಿಸಿದರಲ್ಲ. ಆದರೆ ಕಂತು ಮುಗಿದಾಗ ಅಜ್ಜಿ ರಿಮೋಟ್ ಕೆಳಗಿಟ್ಟು ಒಂದು ಮಾತು ಹೇಳಿದರು.

“ಪಾಠ ಅವಳಿಗಾಯ್ತು ಬೇಬಿ. ಆ ಹುಡುಗನ ಗತಿ ಏನಾಯ್ತು?”

ಅವತ್ತು ರಾತ್ರಿ ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಓಮರ್‌ಗೆ ಡೈರಿ ಇಲ್ಲ. ಸುದ್ದಿ ಹಬ್ಬಿದ ರಾತ್ರಿ ಅವನು ಮಲಗಿದನೋ ಇಲ್ಲವೋ, ಊರಲ್ಲಿ ಅವನ ಅಪ್ಪ ಅಮ್ಮನಿಗೆ ಫೋನ್ ಹೋಯಿತೋ, ಅದನ್ನು ಯಾರೂ ಬರೆದಿಲ್ಲ. ಅವನು ಕಸಿನ್. ನೆಂಟ. ಬಂದ, ಮನೆಮಂದಿಯ ಮನಸ್ಸು ಸ್ವಲ್ಪ ದೊಡ್ಡದು ಮಾಡಿದ, ಹೋದ.

ಆಮೇಲೆ ನಾನು ಹಿಂದಕ್ಕೆ ಹೋಗಿ ಒಂದೊಂದನ್ನೇ ನೆನೆಸಿಕೊಂಡೆ. ನೋಡಿದ ಕಡೆಯೆಲ್ಲ ಈ ನೆಂಟನೇ. ‘ದಿ ಜೆಫರ್ಸನ್ಸ್’ನಲ್ಲಿ 1977ರ ಒಂದು ಕಂತಿದೆ. ಜಾರ್ಜ್ ಜೆಫರ್ಸನ್‌ನ ನೌಕಾಪಡೆಯ ದಿನಗಳ ಗೆಳೆಯ ಎಡ್ಡಿ ಬರುತ್ತಾನೆ ಅಂತ ಕಾದರೆ, ಬಂದವಳು ಈಡಿ ಅನ್ನುವ ಹೆಂಗಸು. ಅದೇ ಎಡ್ಡಿ, ಈಗ ಹೆಣ್ಣಾಗಿ ಬದುಕುತ್ತಿರುವವಳು. ವೆರೋನಿಕಾ ರೆಡ್ ಅನ್ನುವ ನಟಿ ಆ ಪಾತ್ರವನ್ನು ಎಷ್ಟು ಘನವಾಗಿ ಮಾಡಿದ್ದಾಳೆ ಅಂದರೆ, ಸುತ್ತ ಎಷ್ಟೇ ನಗು ಎದ್ದರೂ ಅವಳು ನಗೆಪಾಟಲಾಗುವುದಿಲ್ಲ. ಜಾರ್ಜ್ ಕೊನೆಗೆ ಗೆಳೆತನವನ್ನು ಒಪ್ಪಿಕೊಳ್ಳುತ್ತಾನೆ. ಆದರೆ ಅವಳೂ ಹಳೆಯ ಗೆಳತಿ, ಒಂದು ಕಂತಿನ ಅತಿಥಿ. ಅದಕ್ಕೂ ಮುಂಚೆ, ‘ಸ್ಯಾನ್‌ಫರ್ಡ್ ಅಂಡ್ ಸನ್’ನಲ್ಲಿ ಮಗ ಲಾಮಾಂಟ್ ಗೇಗಳ ಬಾರ್‌ಗೆ ಹೋದನೆಂಬ ಮಾತು ಕೇಳಿ ಅಪ್ಪ ಫ್ರೆಡ್‌ನ ಜೀವ ಹಾರಿಹೋಗುತ್ತದೆ. ಇಲ್ಲಿ ವಿಷಯ ಮನೆಮಗನವರೆಗೂ ಬಂತು ನೋಡಿ. ಬಂದದ್ದರಿಂದಲೇ ಅದು ತಪ್ಪು ತಿಳಿವಳಿಕೆ ಅಂತ ಆಗಲೇಬೇಕಿತ್ತು. ಹಾಗೇ ಆಯಿತು. ಅಪ್ಪ ನಿಟ್ಟುಸಿರು ಬಿಟ್ಟ, ನೋಡುವವರೂ ಬಿಟ್ಟರು. ಅದೇ ಫ್ರೆಡ್ ಪಾತ್ರದ ರೆಡ್ ಫಾಕ್ಸ್ 1976ರ ಒಂದು ಸಿನಿಮಾದಲ್ಲಿ ನಿಜಕ್ಕೂ ಗೇ ಆಗಿರುವ ಮಗನ ತಂದೆಯಾಗಿ ನಟಿಸಿದ. ಥಿಯೇಟರಿಗೆ ಟಿಕೆಟ್ ಕೊಂಡು ಹೋಗುವವರಿಗೆ ಅದು ನಡೆಯುತ್ತಿತ್ತು. ಊಟದ ಹೊತ್ತಿಗೆ ನಡುಮನೆಗೆ ಬರುವ ಟಿವಿಗೆ ಮಾತ್ರ ನಡೆಯುತ್ತಿರಲಿಲ್ಲ.

ಯಾಕೆ ನಡೆಯುತ್ತಿರಲಿಲ್ಲ ಅನ್ನುವುದಕ್ಕೆ ಅಜ್ಜಿಯ ಬಳಿ ಒಂದೇ ಮಾತಿನ ಉತ್ತರ ಇದೆ: “ನಮ್ಮನ್ನ ಬಿಳಿಯರು ನೋಡ್ತಾ ಇದ್ದರು.” ಆ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ವರ್ಷಗಳೇ ಬೇಕಾದವು.

1951ರಲ್ಲಿ ಸಿಬಿಎಸ್ ಚಾನೆಲ್ ‘ಏಮಸ್ ಅಂಡ್ ಆಂಡಿ’ ಧಾರಾವಾಹಿ ಪ್ರಸಾರ ಮಾಡಿದಾಗ ಕಪ್ಪು ಜನರ ಹಕ್ಕಿನ ಸಂಸ್ಥೆ ಎನ್‌ಎಎಸಿಪಿ ಬಲವಾಗಿ ವಿರೋಧಿಸಿತು. ಕಪ್ಪು ಗಂಡಸರೆಂದರೆ ಸೋಮಾರಿಗಳು, ಮೋಸಗಾರರು, ಪೆದ್ದರು ಅನ್ನುವ ಚಿತ್ರ ಅದರಲ್ಲಿತ್ತು. ಎರಡು ವರ್ಷಕ್ಕೆ ನಿಂತರೂ ಮರುಪ್ರಸಾರ 1966ರವರೆಗೆ ನಡೆಯುತ್ತಲೇ ಇತ್ತು. 1965ರಲ್ಲಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಸರ್ಕಾರಕ್ಕೆ ಬರೆದುಕೊಟ್ಟ ವರದಿ, ಕಪ್ಪು ಕುಟುಂಬಗಳೇ ಒಡೆದುಹೋಗಿವೆ, ಹೆಂಗಸರೇ ಯಜಮಾನಿಕೆ ಮಾಡುವುದು ಒಂದು ರೋಗ ಎನ್ನುವ ಹಾಗೆ ಮಾತಾಡಿತು. ಆಮೇಲೆ 1968ರಲ್ಲಿ ಬಂದ ‘ಜೂಲಿಯಾ’ದಲ್ಲಿ ಡಯಾನ್ ಕ್ಯಾರಲ್ ನರ್ಸ್, ಗಂಡ ಸತ್ತಿದ್ದಾನೆ. ಮನೆಯಲ್ಲಿ ಮತ್ತೆ ಅಪ್ಪ ಇಲ್ಲ. ಹಾಗಾಗಿಯೇ 1974ರಲ್ಲಿ ‘ಗುಡ್ ಟೈಮ್ಸ್’ ಶುರುವಾಗುವ ಮುಂಚೆ ನಟಿ ಎಸ್ತರ್ ರೋಲ್ ಪಟ್ಟು ಹಿಡಿದಳು: ಮಕ್ಕಳಿಗೆ ಅಪ್ಪ ಇರಬೇಕು, ನನಗೆ ಗಂಡ ಇರಬೇಕು, ಇಲ್ಲದಿದ್ದರೆ ನಾನು ಮಾಡುವುದಿಲ್ಲ. ಷಿಕಾಗೋದ ಬಡವರ ವಸತಿ ಗೃಹದಲ್ಲಿ ಬೆವರು ಸುರಿಸುವ ಒಬ್ಬ ಅಪ್ಪ ಟಿವಿಗೆ ಬಂದದ್ದು ಆ ಹೆಂಗಸಿನ ಹಟದಿಂದ.

ಇದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಒಬ್ಬ ಅಪ್ಪನನ್ನು ಪರದೆಗೆ ತರಲು ಅಷ್ಟು ಹೋರಾಡಬೇಕಿತ್ತು. 1984ರಲ್ಲಿ ‘ದಿ ಕಾಸ್ಬಿ ಶೋ’ ಬಂದಾಗ ಅಪ್ಪ ಡಾಕ್ಟರು, ಅಮ್ಮ ವಕೀಲೆ, ಐದು ಮಕ್ಕಳು, ಗೋಡೆಯ ಮೇಲೆ ಕಪ್ಪು ಕಲಾವಿದರ ಚಿತ್ರಗಳು. ಹಾರ್ವರ್ಡ್‌ನ ಮನೋವೈದ್ಯ ಆಲ್ವಿನ್ ಪುಸಾಂಟ್ ಚಿತ್ರಕಥೆಗಳನ್ನು ಓದಿ, ಇಲ್ಲಿ ನಮ್ಮ ಜನರಿಗೆ ಅವಮಾನ ಆಗುವಂಥದ್ದೇನಾದರೂ ಇದೆಯೇ ಎಂದು ನೋಡುತ್ತಿದ್ದರು. ಐದು ಸೀಸನ್ ಇಡೀ ದೇಶದಲ್ಲೇ ಮೊದಲನೇ ಸ್ಥಾನದಲ್ಲಿತ್ತು. ಅಜ್ಜಿ ಹೇಳುವ ಪ್ರಕಾರ ಗುರುವಾರ ಸಂಜೆ ಅವರ ಬೀದಿಯಲ್ಲಿ ಹುಳು ಕೂಡ ಹೊರಗೆ ಕಾಣುತ್ತಿರಲಿಲ್ಲ.

ಮಡಿಯಲ್ಲಿ ಅಡುಗೆ ಮಾಡುವವರು ಹೇಗೆ ಮೈಯೆಲ್ಲ ಕಣ್ಣಾಗಿ ಓಡಾಡುತ್ತಾರೋ ಹಾಗೆ ಕಟ್ಟಿದ ಮನೆ ಅದು. ಎಲ್ಲಿ ಏನು ತಾಗಿ ಮೈಲಿಗೆಯಾದೀತೋ ಅನ್ನುವ ಭಯ. ಆ ಭಯಕ್ಕೆ ಕಾರಣ ಇತ್ತು, ಅದನ್ನು ಹೊರಗಿನವಳಾದ ನಾನು ಹಗುರವಾಗಿ ಕಾಣಲಾರೆ. ಆದರೆ ಆ ಧಾರಾವಾಹಿಯ ಹಕ್ಸ್‌ಟಬಲ್ ಮನೆಯಲ್ಲಿ ಓದಿನಲ್ಲಿ ಹಿಂದೆ ಬಿದ್ದ ಮಗನಿಗೆ ಜಾಗ ಇತ್ತು, ಹೇಳದೆ ಕೇಳದೆ ಮದುವೆಯಾಗಿ ಬಂದ ಮಗಳಿಗೆ ಜಾಗ ಇತ್ತು. ಗೇ ಮಗನಿಗೆ, ಗೇ ಮಗಳಿಗೆ ಎಂಟು ವರ್ಷದಲ್ಲಿ ಒಂದು ಕುರ್ಚಿಯೂ ಸಿಗಲಿಲ್ಲ. ಮನೆಯ ಮಾನ ಉಳಿಸಲು ಕೆಲವು ಮಕ್ಕಳನ್ನು ಹಿತ್ತಲಲ್ಲೇ ನಿಲ್ಲಿಸಿದರು.

ಹಿತ್ತಲಲ್ಲಿ ನಿಂತವರನ್ನು ನಗೆಗಾಗಿ ಮಾತ್ರ ಒಳಗೆ ಕರೆದದ್ದೂ ಉಂಟು. 1990ರಲ್ಲಿ ಶುರುವಾದ ‘ಇನ್ ಲಿವಿಂಗ್ ಕಲರ್’ ಸಿಟ್‌ಕಾಮ್ ಅಲ್ಲ, ಪ್ರಹಸನಗಳ ಕಾರ್ಯಕ್ರಮ. ಅದರಲ್ಲಿ ಡೇಮನ್ ವೇಯನ್ಸ್ ಮತ್ತು ಡೇವಿಡ್ ಆಲನ್ ಗ್ರಿಯರ್ ಇಬ್ಬರು ಗೇ ಸಿನಿಮಾ ವಿಮರ್ಶಕರಾಗಿ ಬಂದು, ಸೊಂಟ ತಿರುಗಿಸಿ, ಬೆರಳು ಚಿಟಿಕೆ ಹೊಡೆದು ತೀರ್ಪು ಕೊಡುತ್ತಿದ್ದರು. ಮಾರನೇ ದಿನ ಶಾಲೆಗಳಲ್ಲಿ ಹುಡುಗರೆಲ್ಲ ಆ ಚಿಟಿಕೆಯನ್ನೇ ಹೊಡೆಯುತ್ತಿದ್ದರಂತೆ. ಯಾರನ್ನು ನೋಡಿ ಹೊಡೆಯುತ್ತಿದ್ದರು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಆವತ್ತೇ ನೇರವಾಗಿ ಪ್ರಶ್ನಿಸಿದವನು ಮಾರ್ಲನ್ ರಿಗ್ಸ್. ಕಪ್ಪು ಮನುಷ್ಯ, ಗೇ, ಸಾಕ್ಷ್ಯಚಿತ್ರ ಮಾಡುವವನು, ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. 1991ರ ಒಂದು ಲೇಖನದಲ್ಲಿ ಅವನು, ಕಪ್ಪು ಗಂಡಸುತನ ತನ್ನನ್ನು ಗಟ್ಟಿ ಮಾಡಿಕೊಳ್ಳಲು ಈ ‘ಹೆಣ್ಣಿಗ’ನ ಚಿತ್ರವನ್ನು ಎದುರಿಗಿಟ್ಟುಕೊಂಡಿದೆ ಎಂದು ಬರೆದ. ಗುಲಾಮಗಿರಿಯ ಕಾಲದಿಂದ ಬಿಳಿಯರು ಕಪ್ಪು ಜನರನ್ನು ವಿದೂಷಕರನ್ನಾಗಿ ಮಾಡಿ ನಕ್ಕ ಹಾಗೆಯೇ, ಈಗ ಕಪ್ಪು ಜನ ತಮ್ಮೊಳಗಿನವರನ್ನೇ ವಿದೂಷಕರನ್ನಾಗಿ ಮಾಡುತ್ತಿದ್ದಾರೆ ಅನ್ನುವ ನೋವು ಅದರಲ್ಲಿತ್ತು. ಕಪ್ಪು ಗೇ ಗಂಡಸರ ಬದುಕಿನ ಮೇಲೆ ಅವನು ಮಾಡಿದ ‘ಟಂಗ್ಸ್ ಅನ್‌ಟೈಡ್’ ಸಾಕ್ಷ್ಯಚಿತ್ರ ಅದೇ ವರ್ಷ ಸಾರ್ವಜನಿಕ ಟಿವಿಯಲ್ಲಿ ಬರಬೇಕಾದಾಗ ಎಷ್ಟೋ ಕೇಂದ್ರಗಳು ಪ್ರಸಾರ ಮಾಡಲು ಒಪ್ಪಲಿಲ್ಲ. ಆಮೇಲೆ ಅವನು ಅಮೆರಿಕದ ಟಿವಿ ಕಪ್ಪು ಕುಟುಂಬಗಳನ್ನು ಹೇಗೆ ತೋರಿಸಿತು ಅನ್ನುವುದರ ಮೇಲೆ ‘ಕಲರ್ ಅಡ್ಜಸ್ಟ್‌ಮೆಂಟ್’ ಮಾಡಿದ. ‘ಏಮಸ್ ಅಂಡ್ ಆಂಡಿ’ಯಿಂದ ಕಾಸ್ಬಿಯವರೆಗೆ, ಎಸ್ತರ್ ರೋಲ್, ಡಯಾನ್ ಕ್ಯಾರಲ್ ಅವರನ್ನೇ ಕೂರಿಸಿ ಮಾತಾಡಿಸಿದ. ಒಳ್ಳೆಯ ಕಪ್ಪು ಕುಟುಂಬ ಅಂದರೆ ಯಾರ ಕಣ್ಣಿಗೆ ಒಳ್ಳೆಯದು ಎಂದು ಅವನು ಕೇಳುವ ಪ್ರಶ್ನೆಯ ಬೆನ್ನಿಗೆ ಅವನ ಸ್ವಂತ ಬಾಲ್ಯ ನಿಂತಿದೆ ಅಂತ ನನಗೆ ಪ್ರತಿ ಸಲ ನೋಡುವಾಗಲೂ ಅನಿಸುತ್ತದೆ. 1994ರಲ್ಲಿ ಏಡ್ಸ್ ಅವನನ್ನು ತೆಗೆದುಕೊಂಡು ಹೋಯಿತು. ಅವನಿಗಿನ್ನೂ ಮೂವತ್ತೇಳು.

ಏಡ್ಸ್ ಬಗ್ಗೆ ಸಿಟ್‌ಕಾಮ್‌ಗಳು ಪೂರ್ತಿ ಸುಮ್ಮನಿದ್ದವು ಅಂದರೆ ಅನ್ಯಾಯವಾಗುತ್ತದೆ. ಕಪ್ಪು ವಿದ್ಯಾರ್ಥಿಗಳ ಕಾಲೇಜಿನ ಕಥೆಯಾದ ‘ಎ ಡಿಫರೆಂಟ್ ವರ್ಲ್ಡ್’ 1991ರ ಏಪ್ರಿಲ್‌ನಲ್ಲೇ ಅದನ್ನು ಕೈಗೆತ್ತಿಕೊಂಡಿತ್ತು. ತರಗತಿಯಲ್ಲಿ ಎದ್ದು ನಿಂತು ತನಗೆ ಸೋಂಕಿದೆ ಎನ್ನುವವಳು ಒಬ್ಬ ಹುಡುಗಿ, ಅವಳಿಗೆ ಬಂದದ್ದು ಗೆಳೆಯನಿಂದ. ಅದೂ ಹೇಳಲೇಬೇಕಾದ ಸತ್ಯವೇ. ಆದರೆ ಆ ಹೊತ್ತಿಗೆ ರಾಶಿ ರಾಶಿ ಸಾಯುತ್ತಿದ್ದ ಕಪ್ಪು ಗೇ ಹುಡುಗರ ಬಗ್ಗೆ ಆ ತರಗತಿಯಲ್ಲೂ ಕುರ್ಚಿ ಖಾಲಿಯೇ. ಮೊಯೀಶಾಳ ಮಲತಾಯಿಯಾಗಿ ನಟಿಸಿದ ಶೆರಿಲ್ ಲೀ ರಾಲ್ಫ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ 1981ರಲ್ಲಿ ಶುರುವಾದ ‘ಡ್ರೀಮ್‌ಗರ್ಲ್ಸ್’ ನಾಟಕ ಆಡುತ್ತಿದ್ದಾಗ ಜೊತೆಗಾರರು ಒಬ್ಬೊಬ್ಬರಾಗಿ ಕಾಯಿಲೆ ಬಿದ್ದು ಹೋದದ್ದನ್ನು ಕಣ್ಣಾರೆ ಕಂಡವಳು. 1990ರಿಂದ ತನ್ನದೇ ಪ್ರತಿಷ್ಠಾನ ಕಟ್ಟಿಕೊಂಡು ಏಡ್ಸ್ ಬಗ್ಗೆ ಮಾತಾಡುತ್ತಲೇ ಬಂದಿದ್ದಾಳೆ. ‘ಲೇಬಲ್ಸ್’ ಕಂತು ಬಂದ ಮನೆಯ ತಾಯಿ ನಿಜ ಜೀವನದಲ್ಲಿ ಆ ಹುಡುಗರಿಗಾಗಿ ಆಗಲೇ ವರ್ಷಗಳಿಂದ ವೇದಿಕೆ ಹತ್ತುತ್ತಿದ್ದಳು ಅನ್ನುವುದು ತಿಳಿದಾಗಿನಿಂದ ಅವಳು ಪರದೆಗೆ ಬಂದರೆ ನಾನು ಸ್ವಲ್ಪ ನೆಟ್ಟಗೆ ಕೂರುತ್ತೇನೆ.

ಇನ್ನು ‘ಲಿವಿಂಗ್ ಸಿಂಗಲ್’. 1996ರಲ್ಲಿ ಅದರ ನಾಯಕಿಯರಲ್ಲಿ ಒಬ್ಬಳಾದ ಮ್ಯಾಕ್ಸೀನ್‌ನ ಕಾಲೇಜು ಗೆಳತಿ ಶೇಲಾ ತಾನು ಮದುವೆಯಾಗಲಿರುವುದು ಒಬ್ಬ ಹೆಣ್ಣನ್ನು ಎಂದು ತಿಳಿಸುವ ಕಂತಿದೆ. ಚೆನ್ನಾಗಿದೆ, ಮೃದುವಾಗಿದೆ. ಅದೂ ನೆಂಟರ ಕಥೆಯೇ, ದೊಡ್ಡವರ ಕಥೆ. ಹದಿಹರೆಯದ ಗೇ ಹುಡುಗನೊಬ್ಬ ವಾರವಾರವೂ ಬಂದದ್ದು ನೋಡಬೇಕೆಂದರೆ ಸಿಟ್‌ಕಾಮ್ ಬಿಟ್ಟು, 1994ರ ‘ಮೈ ಸೋ-ಕಾಲ್ಡ್ ಲೈಫ್’ ಅನ್ನುವ ಗಂಭೀರ ಧಾರಾವಾಹಿಗೆ ಹೋಗಬೇಕು. ಅಲ್ಲಿನ ರಿಕಿ ಅರ್ಧ ಕಪ್ಪು, ಅರ್ಧ ಲ್ಯಾಟಿನೋ. ಆ ಪಾತ್ರ ಮಾಡಿದ ವಿಲ್ಸನ್ ಕ್ರೂಸ್ ತಾನೂ ಗೇ. ನಿಜ ಬದುಕಿನಲ್ಲಿ ಕ್ರಿಸ್‌ಮಸ್ ಹಿಂದಿನ ದಿನ ಅಪ್ಪನಿಂದ ಮನೆ ಬಿಟ್ಟು ಹೊರಗೆ ಹಾಕಿಸಿಕೊಂಡಿದ್ದವನು. ಆದರೆ ರಿಕಿ ಓಡಾಡುವ ಶಾಲೆ, ಅವನ ಗೆಳತಿಯರು ಎಲ್ಲ ಬಿಳಿಯರ ಲೋಕ. ಲಿಮರ್ಟ್ ಪಾರ್ಕಿಗೆ ಅವನು ಬರಲಿಲ್ಲ.

ಆದರೂ ಆ ಮಡಿಯ ಮನೆಯಲ್ಲಿ ಒಂದು ಮಗು ಇತ್ತು ನೋಡಿ. 1989ರಲ್ಲಿ ಮೂರು ವರ್ಷದ ರೇವನ್-ಸಿಮೋನ್ ಕಾಸ್ಬಿ ಮನೆಗೆ ಮೊಮ್ಮಗಳು ಒಲಿವಿಯಾ ಆಗಿ ಬಂದಳು. ದೇಶಕ್ಕೆ ದೇಶವೇ ಅವಳನ್ನು ಎತ್ತಿ ಮುದ್ದಾಡಿತು. ಆಮೇಲೆ ‘ಹ್ಯಾಂಗಿನ್ ವಿತ್ ಮಿಸ್ಟರ್ ಕೂಪರ್’, ಆಮೇಲೆ 2003ರಿಂದ ಡಿಸ್ನಿಯಲ್ಲಿ ಅವಳದ್ದೇ ಹೆಸರಿನ ಧಾರಾವಾಹಿ. ಅಂದರೆ ಅವಳ ಇಡೀ ಬಾಲ್ಯ, ಇಡೀ ಹದಿಹರೆಯ ಸಿಟ್‌ಕಾಮ್‌ನ ಬೆಳಕಿನಲ್ಲೇ ಕಳೆಯಿತು. 2013ರಲ್ಲಿ ಅವಳು ತಾನು ಹೆಣ್ಣನ್ನು ಪ್ರೀತಿಸುವವಳು ಎಂದು ಲೋಕಕ್ಕೆ ತಿಳಿಸಿದಳು. ನಾನು ಆ ಸುದ್ದಿ ಓದಿದಾಗ ಮೊದಲು ಹೊಳೆದದ್ದು ಇದೇ: ಅಷ್ಟು ವರ್ಷ ಪ್ರತಿ ಮನೆಯ ನಡುಮನೆಯಲ್ಲೂ ಆ ಮಗು ಕೂತಿತ್ತು, ಕಥೆ ಬರೆಯುವವರು ಮಾತ್ರ ಅದಕ್ಕೆ ಬೇರೆ ಮಾತು ಕೊಟ್ಟರು.

2015ರಲ್ಲಿ ಅವಳು ‘ಬ್ಲ್ಯಾಕ್-ಇಶ್’ಗೆ ಅತಿಥಿಯಾಗಿ ಬಂದಳು. ನಾಯಕ ಡ್ರೇಯ ತಂಗಿ ರೋಂಡಾ. ಅವಳು ಹೆಣ್ಣಿನ ಜೊತೆ ಬಾಳುತ್ತಿದ್ದಾಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅಣ್ಣನಿಗೆ ಗೊತ್ತು, ಅಮ್ಮನಿಗೂ ಗೊತ್ತು. ಆ ಕಂತಿನ ನಗುವೆಲ್ಲ ಈ ಬಾಯಿಬಿಡದಿರುವುದರ ಮೇಲೆ ನಿಂತಿದೆ. ಹಳೆಯ ಧಾರಾವಾಹಿಗಳ ಮೌನವನ್ನೇ ಹೊಸ ಧಾರಾವಾಹಿ ಕಥೆಯಾಗಿ ಮಾಡಿಕೊಂಡದ್ದು ಅದು. ಅಜ್ಜಿ ಆ ಕಂತಿಗೆ ಬಿದ್ದು ಬಿದ್ದು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಇಷ್ಟೆಲ್ಲ ನೋಡಿದ ಮೇಲೆ ನಾನೇ ಯೂಟ್ಯೂಬ್‌ನಲ್ಲಿ ಹುಡುಕಿ ‘ರಾಕ್’ ಧಾರಾವಾಹಿಯ ಒಂದು ಕಂತು ಹಾಕಿದೆ. ‘ರಾಕ್’ ನಮ್ಮ ಊರಿನ ಕಥೆ. 1991ರಿಂದ 1994ರವರೆಗೆ ಫಾಕ್ಸ್ ಚಾನೆಲ್‌ನಲ್ಲಿ ಬಂದದ್ದು. ಬಾಲ್ಟಿಮೋರ್‌ನಲ್ಲಿ ಕಸದ ಲಾರಿಯ ಕೆಲಸ ಮಾಡುವ ರಾಕ್, ನರ್ಸ್ ಆಗಿರುವ ಹೆಂಡತಿ ಎಲೆನರ್, ಕೆಲಸವಿಲ್ಲದ ತಮ್ಮ ಜೋಯಿ, ಬಿಳಿಯರೆಂದರೆ ಸಿಡಿಯುವ ಅಪ್ಪ ಆಂಡ್ರೂ. ನಾಯಕ ಚಾರ್ಲ್ಸ್ ಡಟನ್ ಇದೇ ಊರಿನ ಹುಡುಗ, ಜೈಲಿನಲ್ಲಿ ನಾಟಕದ ರುಚಿ ಹತ್ತಿಸಿಕೊಂಡು ಯೇಲ್ ವಿಶ್ವವಿದ್ಯಾಲಯದವರೆಗೆ ಹೋದವನು. ರಂಗಭೂಮಿಯಿಂದ ಬಂದ ನಟರು. ಎರಡನೇ ಸೀಸನ್ ಪೂರ್ತಿ ನೇರಪ್ರಸಾರದಲ್ಲೇ ಆಡಿದರು. ಅಜ್ಜಿಗೆ ಇವರೆಲ್ಲ ಸ್ವಂತ ಓಣಿಯವರ ಹಾಗೆ.

1991ರ ಅಕ್ಟೋಬರ್ 20ರ ಕಂತು. ಆಂಡ್ರೂವಿನ ತಮ್ಮ ರಸೆಲ್ ಬರುತ್ತಾನೆ, ಮದುವೆಯಾಗುತ್ತಿದ್ದೇನೆ ಅನ್ನುತ್ತಾನೆ, ಹೆಸರು ಕ್ರಿಸ್ ಅನ್ನುತ್ತಾನೆ. ಮನೆಮಂದಿಗೆ ಖುಷಿಯೋ ಖುಷಿ. ಆಮೇಲೆ ಬಾಗಿಲಲ್ಲಿ ಕ್ರಿಸ್ ಕಾಣಿಸಿಕೊಂಡರೆ ಗಂಡಸು, ಅದರ ಮೇಲೆ ಬಿಳಿಯ. ರಸೆಲ್ ಆಗಿ ನಟಿಸಿದವನು ರಿಚರ್ಡ್ ರೌಂಡ್‌ಟ್ರೀ! 1971ರ ‘ಶಾಫ್ಟ್’ ಸಿನಿಮಾದ ಪತ್ತೇದಾರ, ಚರ್ಮದ ಕೋಟು ತೊಟ್ಟು ನ್ಯೂಯಾರ್ಕ್ ಬೀದಿಯಲ್ಲಿ ನಡೆದರೆ ಕಪ್ಪು ಗಂಡಸುತನವೇ ನಡೆದ ಹಾಗೆ ಅಂತ ಒಂದು ತಲೆಮಾರು ನಂಬಿದ್ದ ಮನುಷ್ಯ. ಅವನ ಕೈಯಲ್ಲಿ ಈ ಪಾತ್ರ ಮಾಡಿಸಿದ್ದು ಎಂಥ ಯೋಚನೆ ನೋಡಿ. ಸೊಂಟ ತಿರುಗಿಸುವುದಿಲ್ಲ, ಚಿಟಿಕೆ ಹೊಡೆಯುವುದಿಲ್ಲ. ಪ್ರೀತಿ ಮಾಡಿದ್ದೇನೆ, ಮದುವೆಗೆ ಬನ್ನಿ ಅನ್ನುತ್ತಾನೆ ಅಷ್ಟೇ. ‘ರೋಸಾನ್’, ‘ಫ್ರೆಂಡ್ಸ್’ಗಳಲ್ಲಿ ಇಂಥ ಮದುವೆ ಬಂದದ್ದು ನಾಲ್ಕು ವರ್ಷ ಕಳೆದ ಮೇಲೆ. ಇನ್ನು ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯವೋ, ಮದುವೆ ಅಂದರೆ ಗಂಡು ಹೆಣ್ಣಿನದ್ದು ಮಾತ್ರ ಎಂದು 1973ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ಕಾನೂನು ಬರೆದುಕೊಂಡಿತ್ತು. 2012ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ ಅದನ್ನು ಬದಲಿಸಿದರು. ರಸೆಲ್ ಚಿಕ್ಕಪ್ಪನ ಮದುವೆ ಈ ಊರಿನಲ್ಲಿ ಕಾನೂನುಬದ್ಧವಾಗಲು ಇಪ್ಪತ್ತೊಂದು ವರ್ಷ ಹಿಡಿಯಿತು.

ಕಂತು ನಡೆಯುತ್ತಿದ್ದಾಗ ಅಜ್ಜಿ ಒಂದು ಸಲವೂ ನಗಲಿಲ್ಲ. ಮುಗಿದ ಮೇಲೆ ಟಿವಿ ಆರಿಸಿದರು.

“ಇದನ್ನ ಅವತ್ತೇ ನೋಡಿದ್ದೆ. ಭಾನುವಾರ ರಾತ್ರಿ. ನನ್ನ ಮಗನಿಗೆ ಆಗ ಹದಿನಾರು.”

ಮಗ ಅಟ್ಲಾಂಟಾದಲ್ಲಿರುವುದು, ಅವನಿಗೊಬ್ಬ ಗಂಡ ಇರುವುದು ನನಗೆ ಗೊತ್ತಿತ್ತು. ಫ್ರಿಜ್ ಮೇಲೆ ಇಬ್ಬರ ಫೋಟೋ ಇದೆ. ಅವನು ಚಿಕ್ಕವನಿದ್ದಾಗ ಚರ್ಚಿನಲ್ಲಿ ಹಾಡುತ್ತಿದ್ದ, ಹೆಂಗಸರು ಅವನ ದನಿ ಹೊಗಳಿ, ಬೆನ್ನ ಹಿಂದೆ ‘ಟ್ಯಾಂಕಿನಲ್ಲಿ ಸ್ವಲ್ಪ ಸಕ್ಕರೆ ಇದೆ’ ಅಂತ ಪಿಸುಗುಡುತ್ತಿದ್ದರು ಅನ್ನುವುದನ್ನೂ ಹಿಂದೊಮ್ಮೆ ಹೇಳಿದ್ದರು. ಇಲ್ಲಿನ ಹಳಬರು ಇಂಥ ಹುಡುಗರ ಬಗ್ಗೆ ಆಡುವ ಮಾತು ಅದು. ಪೆಟ್ರೋಲ್ ಇರಬೇಕಾದ ಟ್ಯಾಂಕಿಗೆ ಸಕ್ಕರೆ ಬಿದ್ದಿದೆ ಅಂತ.

“ಇದೇ ಸೋಫಾ,” ಅಂದರು. “ನಾನು ಇಲ್ಲಿ ಕೂತಿದ್ದೆ. ಅವನು ಆ ಕೊನೇಲಿ, ತೊಡೆ ಮೇಲೆ ಪಾಪ್‌ಕಾರ್ನ್ ಬಟ್ಟಲು ಇಟ್ಕೊಂಡಿದ್ದ. ರಸೆಲ್ ಬಾಯಿಬಿಟ್ಟ ತಕ್ಷಣ ಟಿವಿಯಲ್ಲಿ ಜನ ನಕ್ಕರು. ನಾನೂ ನಕ್ಕೆ. ಆಂಡ್ರೂ ಕೂಗಾಡಿದ, ಅದಕ್ಕೂ ನಕ್ಕೆ. ನಗ್ತಾ ನಗ್ತಾ ಪಕ್ಕಕ್ಕೆ ತಿರುಗಿದೆ ಬೇಬಿ. ಅವನು ಟಿವಿ ನೋಡ್ತಾ ಇರಲಿಲ್ಲ. ನನ್ನ ಮುಖ ನೋಡ್ತಾ ಇದ್ದ.”

“ಆಮೇಲೆ?”

“ಆಮೇಲೇನು. ಬಟ್ಟಲು ತೊಳೆದಿಟ್ಟ. ಗುಡ್ ನೈಟ್ ಅಮ್ಮ ಅಂದ. ಹನ್ನೊಂದು ವರ್ಷ ಬಿಟ್ಟು ಫೋನಲ್ಲಿ ಹೇಳಿದ. ನನಗೆ ಮೊದಲಿಂದ ಗೊತ್ತಿತ್ತು ಕಂದ ಅಂದೆ. ಗೊತ್ತಿದ್ದರೆ ಅವತ್ತು ಯಾಕೆ ನಕ್ಕೆ ಅಮ್ಮ, ಅಂದ.”

ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ಏನಿತ್ತು. ನನ್ನ ತಲೆಯಲ್ಲಿ ಆಗ ತಿಪಟೂರಿನ ನಮ್ಮ ನಡುಮನೆ ಬಂದು ನಿಂತಿತ್ತು. ಸಂಜೆ ಟಿವಿಯಲ್ಲಿ ಸಿನಿಮಾ, ಅದರಲ್ಲೊಬ್ಬ ಸೀರೆ ಸೆರಗು ಹಿಡಿದವನ ಹಾಗೆ ಬಳುಕುತ್ತಾ ಬರುವ ಹಾಸ್ಯಪಾತ್ರ, ಚಾಪೆಯ ಮೇಲೆ ನಾವು ಏಳೆಂಟು ಮಕ್ಕಳು. ನನ್ನ ಚಿಕ್ಕಪ್ಪನ ಮಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನಿಗೀಗ ನಲವತ್ತೈದು. ‘ಅವನಿಗೆ ಮದುವೆ ಯೋಗ ಇಲ್ಲ ಕಣಮ್ಮ’ ಅಂತ ಚಿಕ್ಕಮ್ಮ ಪ್ರತಿ ಸಲ ಫೋನಲ್ಲಿ ಹೇಳುತ್ತಾಳೆ, ನಾನು ಹೂಂ ಅನ್ನುತ್ತೇನೆ. ಅವನು ಜೋರಾಗಿ ನಗುತ್ತಿದ್ದದ್ದು ಮಾತ್ರ ನೆನಪಿದೆ. ನಗುವಾಗ ಅವನ ಕಣ್ಣು ಎಲ್ಲಿತ್ತು ಎಂದು ನಾನು ನೋಡಿರಲಿಲ್ಲ. ಆ ರಾತ್ರಿ ಅವನಿಗೆ ಮೆಸೇಜ್ ಕಳಿಸಿದೆ, ಸುಮ್ಮನೆ ಹೇಗಿದ್ದೀಯ ಅಂತ. ಬಹಳ ಹೊತ್ತು ಮಾತಾಡಿದೆವು. ಆ ಮಾತು ಅವನದ್ದು, ಇಲ್ಲಿ ಬರೆಯುವುದಿಲ್ಲ.

ಇತ್ತೀಚಿನದ್ದು ‘ದಿ ಅಪ್‌ಷಾಸ್’ ಅನ್ನುವ ಧಾರಾವಾಹಿ, 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಶುರುವಾದದ್ದು. ಇಂಡಿಯಾನಾಪೊಲಿಸ್‌ನ ಕಪ್ಪು ಕುಟುಂಬ, ಗ್ಯಾರೇಜ್ ನಡೆಸುವ ಅಪ್ಪ, ಹಿರಿಯ ಮಗ ಬರ್ನಾರ್ಡ್ ಜೂನಿಯರ್ ಗೇ. ಅದನ್ನು ಕಟ್ಟಿದವರಲ್ಲಿ ಒಬ್ಬಳಾದ ವಾಂಡಾ ಸೈಕ್ಸ್ ತಾನೂ 2008ರಲ್ಲಿ ಮುಕ್ತವಾಗಿ ಹೇಳಿಕೊಂಡವಳು. ಬರ್ನಾರ್ಡ್ ನೆಂಟನಲ್ಲ, ಕಸಿನ್ ಅಲ್ಲ, ಹಳೆಯ ಗೆಳೆಯನೂ ಅಲ್ಲ. ಅಪ್ಪನ ಹೆಸರನ್ನೇ ಹೊತ್ತ ಮಗ, ಮುಂದಿನ ವಾರವೂ ಇರುತ್ತಾನೆ, ಅದರ ಮುಂದಿನ ವಾರವೂ. ಅಜ್ಜಿ ಅವನನ್ನು ‘ನಮ್ ಹುಡುಗ’ ಅನ್ನುತ್ತಾರೆ. ಆದರೆ ಅವನು ಬೆಳೆದ ಗಂಡಸು. ಅವನ ಹದಿನಾರನೇ ವಯಸ್ಸು ನಮಗೆ ಕಾಣಲು ಸಿಗಲಿಲ್ಲ.

ಈ ಸಲದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಜ್ಜಿಯ ಮಗ ಗಂಡನ ಜೊತೆ ಬಂದಿದ್ದ. ನಾನು ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ತೆಗೆದುಕೊಂಡು ಹೋದೆ. ಊಟವಾಗಿ, ಸಿಹಿಗೆಣಸಿನ ಪೈ ಆಗಿ, ಅವನ ಗಂಡ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಾಗ ಅಜ್ಜಿ ನನ್ನ ಕಡೆ ತಿರುಗಿ, “ಆ ರಾಕ್ ಕಂತು ಹಾಕು ಬೇಬಿ” ಅಂದರು. ಮಗ ಅಮ್ಮನ ಮುಖ ನೋಡಿದ. ಐವತ್ತು ತುಂಬಿದ, ಕಿವಿಯ ಹತ್ತಿರ ನರೆತ ಮನುಷ್ಯ, ಹೋಗಿ ಸೋಫಾದ ಆ ಕೊನೆಯಲ್ಲೇ ಕೂತ. ನಾನು ಹಾಕಿದೆ. ಮಸುಕು ಚಿತ್ರ, ಮೇಲೆ ಕೆಳಗೆ ಗೆರೆಗಳು. ರಸೆಲ್ ಬಂದ, ಮದುವೆ ಅಂದ, ಜನ ನಕ್ಕರು, ಆಂಡ್ರೂ ಕೂಗಾಡಿದ. ಮಗ ಕಣ್ಣು ಕೀಳದೆ ಟಿವಿ ನೋಡುತ್ತಿದ್ದ, ಒಂದೆರಡು ಕಡೆ ಜೋರಾಗಿಯೇ ನಕ್ಕ. ಅಜ್ಜಿ ಟಿವಿ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಕೂತಲ್ಲಿಂದ ಅವನ ಕಡೆ ಸರಿದರು. ಪ್ಲಾಸ್ಟಿಕ್ ಪರ್ರನೆ ಸದ್ದು ಮಾಡಿತು.